ಯೀಸ್ಟ್ ಇಲ್ಲದ ಹುದುಗುವಿಕೆ: ಬುಕ್ನರ್ ಪ್ರಯೋಗದ ಕಥೆ

ಒಂದು ಚಮಚ ಸಕ್ಕರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಚಿಟಿಕೆಯಷ್ಟು ಯೀಸ್ಟ್ ಹಾಕಿಡಿ. ಸ್ವಲ್ಪ ಹೊತ್ತಿನಲ್ಲಿ ನೊರೆ ಏಳುತ್ತದೆ. ಹೊರಬರುವ ಅನಿಲ ಕಾರ್ಬನ್ ಡೈಆಕ್ಸೈಡ್. ನೀರಿನಲ್ಲಿ ಉಳಿಯುವುದು ಆಲ್ಕೊಹಾಲ್. ಸೂಕ್ಷ್ಮಜೀವಿಗಳು ಸೇರದಂತೆ ಮುಚ್ಚಿಟ್ಟ ಸಕ್ಕರೆ ನೀರಿನಲ್ಲಾದರೋ ತಿಂಗಳು ಕಳೆದರೂ ಇಂಥದ್ದೇನೂ ಕಾಣದು. ಹಾಗಾದರೆ ಸಕ್ಕರೆಯನ್ನು ಒಡೆಯುವುದು ಯಾವುದು? ಬದುಕಿರುವ ಯೀಸ್ಟ್ ಕೋಶವೇ, ಅದರೊಳಗಿನ ಯಾವುದೋ ಪದಾರ್ಥವೇ?

ಮೇಲ್ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೂ 19ನೆಯ ಶತಮಾನದ ವಿಜ್ಞಾನಿಗಳು ಸುಮಾರು 60 ವರ್ಷ ಇದಕ್ಕಾಗಿ ಜಗಳವಾಡಿದರು. ಬದುಕಿರುವ ಕೋಶವೇ ಬೇಕೆಂದಾದರೆ, ಜೀವಕ್ರಿಯೆಯ ಒಳಗುಟ್ಟು ರಸಾಯನ ವಿಜ್ಞಾನದ ಕೈಗೆ ಎಂದೂ ಸಿಗದೆ ಹೋಗಬಹುದಿತ್ತು. ಪದಾರ್ಥ ಸಾಕೆಂದಾದರೆ, ಅದನ್ನು ಸೀಸೆಯಲ್ಲಿ ಹಿಡಿದು ಪರೀಕ್ಷಿಸಬಹುದಿತ್ತು.

ಪದಾರ್ಥದ ಪಕ್ಷಕ್ಕೆ ಆಧಾರವಿಲ್ಲದೆ ಇರಲಿಲ್ಲ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಮೊಳಕೆ ಬಂದ ಬಾರ್ಲಿಯಿಂದ ಡಯಸ್ಟೇಸ್ ಎಂಬ ವಸ್ತುವನ್ನು ಬೇರ್ಪಡಿಸಿದ್ದರು. ಅದು ಪಿಷ್ಟವನ್ನು ಸಕ್ಕರೆಯಾಗಿಸುತ್ತಿತ್ತು. ಪ್ಲಾಟಿನಮ್ ಲೋಹದ ಸಮ್ಮುಖದಲ್ಲಿ ಹೈಡ್ರೊಜನ್ ತಾನಾಗಿ ಹೊತ್ತಿಕೊಳ್ಳುವುದೂ ತಿಳಿದಿತ್ತು. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಇಂಥವನ್ನೆಲ್ಲ ಒಟ್ಟುಗೂಡಿಸಿ ‘ಕ್ರಿಯಾವರ್ಧನೆ’ ಎಂಬ ಪರಿಕಲ್ಪನೆ ಮಂಡಿಸಿದ. ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಕ್ರಿಯಾವರ್ಧಕವು ಬೆಟ್ಟದ ನಡುವೆ ತಗ್ಗಾದ ಕಣಿವೆ ದಾರಿ ತೋರಿಸುವ ಮಾರ್ಗದರ್ಶಿಯಂತೆ. ಹೊರಟ ಊರಿನ ಎತ್ತರವೂ ತಲಪುವ ಊರಿನ ಎತ್ತರವೂ ಬದಲಾಗವು. ನಡುವೆ ಏರಬೇಕಾದ ಏರು ಮಾತ್ರ ಕಡಿಮೆಯಾಗುತ್ತದೆ.

ಯೀಸ್ಟ್ ಒಂದು ಜೀವಿ ಎಂದು 1837ರ ಸುಮಾರಿಗೆ ಶ್ವಾನ್, ಕನ್ಯಾರ್-ಲಾತೂರ್ ಮತ್ತು ಕುಟ್ಸಿಂಗ್ ಬೇರೆಬೇರೆಯಾಗಿ ಸೂಕ್ಷ್ಮದರ್ಶಕದಲ್ಲಿ ಕಂಡು ಹೇಳಿದರು. ರಸಾಯನ ವಿಜ್ಞಾನಿಗಳಿಗೆ ಇದು ರುಚಿಸಲಿಲ್ಲ. 1839ರಲ್ಲಿ ಲೀಬಿಗ್‌ನ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಲೇಖನ ಬಂತು. ಯೀಸ್ಟ್ ಎಂಬ ಪುಟ್ಟ ಪ್ರಾಣಿಗಳು ಸಕ್ಕರೆ ತಿನ್ನುತ್ತವೆ, ಕರುಳಿನಿಂದ ಆಲ್ಕೊಹಾಲನ್ನೂ ಮೂತ್ರಾಂಗದಿಂದ ಅನಿಲವನ್ನೂ ಹೊರಹಾಕುತ್ತವೆ ಎಂಬುದು ಅದರ ವಿಡಂಬನೆ. ಬರೆದವರು ಲೀಬಿಗ್ ಮತ್ತು ಆತನ ಗೆಳೆಯ ವೋಲರ್. ನಗೆ ಬರುವುದೇನೋ ನಿಜ. ಆದರೆ ನಗೆಚಾಟಿಕೆ ವಾದಕ್ಕೆ ಬದಲಾಗದು. ಪಾಶ್ಚರ್ 1857ರಿಂದ ನಡೆಸಿದ ಎಚ್ಚರಿಕೆಯ ಪ್ರಯೋಗಗಳು ಯೀಸ್ಟಿನ ಬದುಕಿಗೂ ಹುದುಗುವಿಕೆಗೂ ಇರುವ ನಂಟನ್ನು ಗಟ್ಟಿಗೊಳಿಸಿದವು. ಯೀಸ್ಟಿನಿಂದ ಹುದುಗುವ ಪದಾರ್ಥವನ್ನು ಹೊರತೆಗೆಯಲು ಆತನೂ ಯತ್ನಿಸಿ ಸೋತಿದ್ದ.

ಇಲ್ಲೊಂದು ಪದದ ವಿಚಾರ. ಕೋಶದ ಹೊರಗೂ ಕೆಲಸ ಮಾಡುವ ಪೆಪ್ಸಿನ್‌ನಂಥ ವಸ್ತುಗಳಿಗೆ ಜರ್ಮನಿಯ ಕ್ಯೂನೆ 1876ರಲ್ಲಿ ‘ಎನ್‌ಜೈಮ್’ ಎಂಬ ಹೆಸರು ಕೊಟ್ಟ. ಗ್ರೀಕ್ ಮೂಲದಲ್ಲಿ ಅದಕ್ಕೆ ‘ಯೀಸ್ಟಿನೊಳಗೆ’ ಎಂದರ್ಥ. ನಾವು ಬಳಸುವ ‘ಕಿಣ್ವ’ವೂ ಅದೇ ಮನೆಯಿಂದ ಬಂದದ್ದು: ಸಂಸ್ಕೃತದಲ್ಲಿ ಅದು ಮದ್ಯ ತಯಾರಿಸುವ ಹುದುಗು, ಕೌಟಿಲ್ಯನ ಅರ್ಥಶಾಸ್ತ್ರದಲ್ಲೂ ಬರುತ್ತದೆ. ಇಷ್ಟೊಂದು ಹೊಂದುವ ಪಾರಿಭಾಷಿಕ ಪದ ನಮಗೆ ಅಪರೂಪಕ್ಕೆ ಸಿಗುತ್ತದೆ.

ಈಗ ಎಡ್ವರ್ಡ್ ಬುಕ್ನರ್‌ನತ್ತ ಬರೋಣ. ಆತನ ಅಣ್ಣ ಹಾನ್ಸ್ ಮ್ಯೂನಿಕ್‌ನಲ್ಲಿ ಬ್ಯಾಕ್ಟೀರಿಯ ತಜ್ಞ. ಸೂಕ್ಷ್ಮಜೀವಿಗಳ ಒಳಗಿನ ರಸವನ್ನು ಕೆಡದಂತೆ ಹಿಂಡಿ ತೆಗೆದರೆ ಔಷಧಕ್ಕೆ ಬಂದೀತು ಎಂಬುದು ಅವನ ಲೆಕ್ಕ. ತಮ್ಮ 1893ರಲ್ಲೇ ಯೀಸ್ಟ್ ಅರೆಯಲು ಹೊರಟಿದ್ದ; ಇದರಿಂದ ಏನೂ ಸಿಗದೆಂದು ಪ್ರಯೋಗಾಲಯದ ಮಂಡಲಿ ತೀರ್ಮಾನಿಸಿದ್ದರಿಂದ ಕೆಲಸ ಮೂರು ವರ್ಷ ಮೂಲೆ ಸೇರಿತು. 1896ರ ರಜೆಯಲ್ಲಿ ಅದು ಮತ್ತೆ ಶುರುವಾದಾಗ ಅಣ್ಣನ ಸಹಾಯಕ ಮಾರ್ಟಿನ್ ಹಾನ್ ಒಂದು ಉಪಾಯ ಹೇಳಿದ: ಮರಳಿನ ಜೊತೆಗೆ ಡಯಾಟಮ್ ಚಿಪ್ಪುಗಳ ಮಣ್ಣನ್ನೂ ಬೆರೆಸುವುದು. ಒಂದು ಕಿಲೋ ಯೀಸ್ಟ್, ಅಷ್ಟೇ ಮರಳು, ಕಾಲು ಕಿಲೋ ಮಣ್ಣು. ಅರೆದಾಗ ಕಣಕದಂತಾದ ಮುದ್ದೆಗೆ ನೀರು ಸೇರಿಸಿ, ಬಟ್ಟೆಯಲ್ಲಿ ಸುತ್ತಿ 400ರಿಂದ 500 ವಾಯುಭಾರ ಒತ್ತಡದಲ್ಲಿ ಹಿಂಡಿದರು. ಸಮುದ್ರದಲ್ಲಿ 4ರಿಂದ 5 ಕಿಲೋಮೀಟರ್ ಆಳದಲ್ಲಿರುವ ಒತ್ತಡ ಇಷ್ಟು ಎಂದರೆ ನಿಮಗೆ ಅಂದಾಜಾದೀತು. ಸೋಸಿದಾಗ ತಿಳಿಯಾದ, ಹಳದಿ ಛಾಯೆಯ ರಸ ಸಿಕ್ಕಿತು.

ರಸ ಬೇಗ ಕೆಡುತ್ತಿತ್ತು. ಪ್ರಾಣಿಗಳಿಗೆ ಕೊಡಬೇಕಾದದ್ದಾದ್ದರಿಂದ ವಿಷಕಾರಿ ಸಂರಕ್ಷಕ ಬೆರೆಸುವಂತಿರಲಿಲ್ಲ. ಜಾಮ್ ಕೆಡದಿರಲು ಮಾಡುವಂತೆ ಗಟ್ಟಿ ಸಕ್ಕರೆ ದ್ರಾವಣ ಸೇರಿಸಿದರು. ಗುಳ್ಳೆಗಳೇಳತೊಡಗಿದವು! ಅದರ ಅರ್ಥ ಎಡ್ವರ್ಡ್‌ಗೆ ಹೊಳೆಯಿತು. ಕ್ಲೋರೊಫಾರ್ಮ್ ಬೆರೆಸಿದರೂ ಹುದುಗುವಿಕೆ ನಿಲ್ಲಲಿಲ್ಲ. ಯೀಸ್ಟ್ ಹುದುಗಿಸಲಾರದ ಹಾಲಿನ ಸಕ್ಕರೆಯನ್ನು ರಸವೂ ಮುಟ್ಟಲಿಲ್ಲ. 1897ರ ಜನವರಿಯಲ್ಲಿ ಕಳಿಸಿದ ಪ್ರಬಂಧದಲ್ಲಿ ಆತ ಇದನ್ನು ‘ಜೈಮೇಸ್’ ಎಂಬ ಪ್ರೋಟೀನ್ ಸ್ವಭಾವದ ವಸ್ತುವಿನ ಕೆಲಸವೆಂದು ಕರೆದ. ರಸದಲ್ಲಿ ಜೀವದ್ರವ್ಯದ ಚೂರುಗಳು ಉಳಿದಿರಬೇಕೆಂಬ ಆಕ್ಷೇಪ ಬಂತು. ಅಸಿಟೋನ್‌ನಲ್ಲಿ ಅದ್ದಿ ಕೊಂದು ಒಣಗಿಸಿದ ಯೀಸ್ಟೂ ಸಕ್ಕರೆಯನ್ನು ಹುದುಗಿಸಿದ ಮೇಲೆ ಆ ವಾದ ಸೊರಗಿತು. 1907ರಲ್ಲಿ ನೊಬೆಲ್ ಪಾರಿತೋಷಕ ಬಂತು. 1917ರಲ್ಲಿ ಬುಕ್ನರ್ ರೊಮೇನಿಯದ ಯುದ್ಧರಂಗದಲ್ಲಿ ಗಾಯಗೊಂಡು ತೀರಿಕೊಂಡ.

ಪ್ರಯೋಗ ಸರಿ, ಆದರೆ ಜೈಮೇಸ್ ಎಂಬ ಒಂದೇ ಕಿಣ್ವ ಇರಲೇ ಇಲ್ಲ. ಲಂಡನ್ನಿನಲ್ಲಿ ಹಾರ್ಡನ್ ಮತ್ತು ಯಂಗ್ 1906ರ ಸುಮಾರಿಗೆ ಈ ರಸವನ್ನು ಜೆಲಟಿನ್ ಲೇಪಿಸಿದ ಸೋಸುಕದ ಮೂಲಕ ಒತ್ತಿ ಎರಡು ಭಾಗ ಮಾಡಿದರು. ಒಂದೊಂದೇ ಆದರೆ ಎರಡೂ ನಿಷ್ಕ್ರಿಯ, ಕೂಡಿಸಿದೊಡನೆ ಹುದುಗುವಿಕೆ! ಸೋಸಿಬಂದ ಭಾಗವನ್ನು ಕುದಿಸಿದರೂ ಅದರ ಗುಣ ಹೋಗುತ್ತಿರಲಿಲ್ಲ. ಅಂದರೆ ಅದು ಪ್ರೋಟೀನ್ ಅಲ್ಲದ ಸಹಕಿಣ್ವ. ಫಾಸ್ಫೇಟ್ ಸೇರಿಸಿದರೆ ಕ್ರಿಯೆ ಚುರುಕಾಗುವುದನ್ನೂ, ಆ ಫಾಸ್ಫೇಟ್ ಸಕ್ಕರೆಗೆ ಅಂಟಿಕೊಳ್ಳುವುದನ್ನೂ ಅವರು ಕಂಡರು. ಗ್ಲೂಕೋಸ್ ಆಲ್ಕೊಹಾಲಾಗಲು 12 ಹಂತಗಳಿವೆ, ಒಂದೊಂದಕ್ಕೂ ಅದರದೇ ಕಿಣ್ವವಿದೆ ಎಂಬ ಪೂರ್ಣ ಚಿತ್ರ ಸಿಗಲು 1940ರ ಹೊತ್ತಾಯಿತು. ಯೀಸ್ಟಿನ ಸಹಕಿಣ್ವ ಸ್ನಾಯುವಿನಲ್ಲೂ ಇದೆಯೆಂದು ಜರ್ಮನಿಯ ಮೇಯರ್‌ಹಾಫ್ 1918ರಲ್ಲೇ ತೋರಿಸಿದ್ದ. ಮೊದಲ ಹತ್ತು ಹಂತಗಳು ಯೀಸ್ಟಿಗೂ ನಮ್ಮ ಸ್ನಾಯುಗಳಿಗೂ ಒಂದೇ. ಹತ್ತನೆಯದರ ಕೊನೆಗೆ ಸಿಗುವ ಪೈರುವಿಕ್ ಆಮ್ಲವನ್ನು ಯೀಸ್ಟ್ ಎರಡು ಹಂತಗಳಲ್ಲಿ ಆಲ್ಕೊಹಾಲಾಗಿಸುತ್ತದೆ. ಓಡಿ ದಣಿದ ಸ್ನಾಯು ಅದನ್ನು ಒಂದೇ ಹಂತದಲ್ಲಿ ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ.