ಅಪರಿಚಿತ ಅನಿಲವೂ ನಮ್ಮ ಬೆಂಗಳೂರೂ

ನಮ್ಮ ಹಿರಿಯರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುತ್ತಿದ್ದ ವಿಜ್ಞಾನ ಮಂದಿರಕ್ಕೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದವರು ವಿಲಿಯಂ ರಾಮ್ಸೆ. ಜಮ್‌ಸೇಟ್‌ಜಿ ಟಾಟಾ ಅವರ ಕೋರಿಕೆಯಂತೆ 1900ರ ಕೊನೆಯಲ್ಲಿ ಭಾರತಕ್ಕೆ ಬಂದು ಊರೂರು ಸುತ್ತಿ ನೋಡಿದ ರಸಾಯನ ವಿಜ್ಞಾನಿ ಅವರು. 1906ರಲ್ಲಿ ಆ ಸಂಸ್ಥೆಯ ಮೊದಲ ನಿರ್ದೇಶಕರಾದವರು ಅವರ ಸಹಾಯಕರಾಗಿದ್ದ ಮಾರಿಸ್ ಟ್ರಾವರ್ಸ್. ಇಷ್ಟನ್ನು ಅನೇಕರು ಬಲ್ಲರು. ಆದರೆ ಇವರಿಬ್ಬರೂ ಸೇರಿ ಕಂಡುಹಿಡಿದ ಒಂದು ಅನಿಲವು ಇಂದು ಮನುಷ್ಯನ ಎದೆಯೊಳಗಿನ ಉಸಿರಿಗೆ ಲೆಕ್ಕ ಬರೆಯಲು ನಿಂತಿದೆಯೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಅದು 1898. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ದ್ರವವಾಗಿಸಿದ ಗಾಳಿಯನ್ನು ಮೆಲ್ಲಮೆಲ್ಲನೆ ಆವಿಯಾಗಿಸುತ್ತ, ತಳದಲ್ಲಿ ಉಳಿದದ್ದನ್ನು ಸೋಸುತ್ತ ಹೋದ ಇವರಿಗೆ ಕೆಲವೇ ವಾರಗಳಲ್ಲಿ ಮೂರು ಹೊಸ ಅನಿಲಗಳು ದೊರೆತವು. ಮೂರನೆಯದಕ್ಕೆ ‘ಅಪರಿಚಿತ’ ಎಂಬರ್ಥದ ಗ್ರೀಕ್ ಪದದಿಂದ ಕ್ಸೆನಾನ್ ಎಂದು ಹೆಸರಾಯಿತು. ಒಂದು ಕೋಟಿ ಪಾಲು ಗಾಳಿಯಲ್ಲಿ ಅದು ಒಂದು ಪಾಲೂ ಪೂರ್ತಿ ಇಲ್ಲ. ಯಾವುದರೊಡನೆಯೂ ಸುಲಭವಾಗಿ ಬೆರೆಯದ ಈ ಸಂನ್ಯಾಸಿಯಿಂದ ಏನು ಪ್ರಯೋಜನವೆಂದು ಅಂದು ಯಾರಾದರೂ ಕೇಳಿದ್ದರೆ ಟ್ರಾವರ್ಸರು ನಕ್ಕು ಸುಮ್ಮನಾಗಬೇಕಾಗುತ್ತಿತ್ತೇನೊ.

ಟ್ರಾವರ್ಸರು ಬೆಂಗಳೂರಿನಲ್ಲಿದ್ದ ಕಾಲಕ್ಕೆ, ಇಲ್ಲಿಂದ ಮೂಡಲಿಗೆ ನೂರು ಕಿಲೋಮೀಟರ್ ಆಚೆ ಕೋಲಾರದ ಚಿನ್ನದ ಗಣಿಗಳು ಭರದಿಂದ ಇಳಿಯುತ್ತಿದ್ದವು. ಬೆಣಚುಕಲ್ಲನ್ನು ಕೊರೆದವರ ಎದೆಗೆ ಧೂಳು ಸೇರಿ ಶ್ವಾಸಕೋಶ ನಾರುಗಟ್ಟುತ್ತಿತ್ತು. 1940ರ ದಶಕದಲ್ಲಿ ಸುಮಾರು 7,600 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕವರಲ್ಲಿ ಸಿಲಿಕೋಸಿಸ್ ಕಂಡುಬಂದಿತು. ವೈದ್ಯರ ಕೈಯಲ್ಲಿದ್ದುದು ಎಕ್ಸ್-ರೇ. ಅದು ತೋರುವುದು ಗಂಟುಗಳು ಬಿದ್ದ ಮೇಲೆ.

ಗಣಿ 2001ರಲ್ಲಿ ಮುಚ್ಚಿತು. ಗಣಿಯವರ ಮಕ್ಕಳಲ್ಲಿ ಎಷ್ಟೋ ಮಂದಿ ಬೆಂಗಳೂರಿಗೆ ದುಡಿಯಲು ಬಂದರು. ನಮ್ಮ ಬೆಳ್ಳಂದೂರಿನ ಬೀದಿಯಲ್ಲೇ ಅಂತಹ ಒಬ್ಬ ಹಿರಿಯರು ಐ.ಟಿ. ಕಂಪೆನಿಯಲ್ಲಿರುವ ಮಗನೊಡನೆ ಇದ್ದಾರೆ. ಡಾಕ್ಟರನ್ನು ಕಂಡು ಬಂದಾಗಲೆಲ್ಲ ಅವರದು ಒಂದೇ ಮಾತು: “ಫೋಟೋದಲ್ಲಿ ಹೋದ ವರ್ಷದ ಹಾಗೇ ಇದೆಯಂತೆ ಸ್ವಾಮಿ. ನನಗೆ ಮಾತ್ರ ಮೆಟ್ಟಿಲು ಹೆಚ್ಚಾದ ಹಾಗಿದೆ.”

ಈ ಮಾತಿಗೆ ಉತ್ತರ ಹೇಳುವುದು ಕಷ್ಟ. ಸಿ.ಟಿ. ಚಿತ್ರ ಕಲೆಯನ್ನು ತೋರಿಸುತ್ತದೆ. ಕೊಳವೆಗೆ ಊದಿಸುವ ಪರೀಕ್ಷೆ ಎರಡು ಶ್ವಾಸಕೋಶಗಳಿಗೂ ಸೇರಿಸಿ ಒಂದು ಅಂಕೆ ಕೊಡುತ್ತದೆ. ಉಸಿರು ಯಾವ ಮೂಲೆಯಲ್ಲಿ ರಕ್ತವನ್ನು ಮುಟ್ಟದೆ ಹಿಂದಿರುಗಿತೆಂಬುದನ್ನು ಎರಡೂ ಹೇಳವು. ಸಾಧಾರಣ ಎಂ.ಆರ್.ಐ.ಗಂತೂ ಶ್ವಾಸಕೋಶವೆಂದರೆ ಕತ್ತಲೆಯ ಕೋಣೆ. ಆ ಯಂತ್ರ ಕಾಣುವುದು ಮುಖ್ಯವಾಗಿ ನೀರನ್ನು, ಅಲ್ಲಿ ತುಂಬಿರುವುದು ಗಾಳಿ.

ಇಲ್ಲಿ ಕ್ಸೆನಾನ್ ಬರುತ್ತದೆ. ಲೇಸರ್ ಬೆಳಕನ್ನು ರುಬಿಡಿಯಂ ಆವಿಯ ಮೇಲೆ ಹಾಯಿಸಿದರೆ, ಆ ಆವಿ ತನಗೆ ದೊರೆತ ಅಯಸ್ಕಾಂತ ಗುಣವನ್ನು ಕ್ಸೆನಾನ್ ಪರಮಾಣುಗಳಿಗೆ ದಾಟಿಸುತ್ತದೆ. ಇದರಿಂದ ಅವುಗಳ ಸದ್ದು ಸಾವಿರಾರು ಪಾಲು ಹೆಚ್ಚಿ ಯಂತ್ರಕ್ಕೆ ಕೇಳಿಸುತ್ತದೆ. 1994ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಯ ಶ್ವಾಸಕೋಶದ ಚಿತ್ರವನ್ನು ಹೀಗೆ ತೆಗೆದರು. 1997ರ ಹೊತ್ತಿಗೆ ಮನುಷ್ಯರ ಸರದಿ ಬಂದಿತು. ರೋಗಿ ಒಂದು ಚೀಲದಿಂದ ಅನಿಲವನ್ನು ಸೇದಿ ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿಯುವುದು, ಅಷ್ಟೆ. ಕ್ಸೆನಾನ್ ಗಾಳಿಗೂಡಿನ ತೆಳುಪೊರೆಯಲ್ಲಿ ಕರಗಿದಾಗ ಒಂದು ಶ್ರುತಿ, ಕೆಂಪು ರಕ್ತಕಣಕ್ಕೆ ಸೇರಿದಾಗ ಇನ್ನೊಂದು ಶ್ರುತಿ. ನಾರುಗಟ್ಟಿದ ಪೊರೆಯಲ್ಲಿ ಮೊದಲನೆಯದು ಏರುತ್ತದೆ, ಎರಡನೆಯದು ಕುಗ್ಗುತ್ತದೆ. ತಿಂಗಳುಗಳ ಅಂತರದಲ್ಲಿ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ರೋಗ ಎತ್ತ ಸಾಗಿದೆಯೆಂಬುದು ತಿಳಿದೀತೆಂಬುದೇ ಸಂಶೋಧಕರ ಆಸೆ. ಈ ರೋಗದ ಓಟವನ್ನು ನಿಧಾನಿಸುವ ಔಷಧಿಗಳುಂಟು, ಬಿಗಿದುದನ್ನು ಸಡಿಲಿಸುವುದಿಲ್ಲ. ಆದುದರಿಂದಲೇ ಬೇಗ ತಿಳಿಯುವುದಕ್ಕೆ ಬೆಲೆ.

2022ರ ಡಿಸೆಂಬರಿನಲ್ಲಿ ಅಮೆರಿಕದ ಸರಕಾರ ಈ ಪರೀಕ್ಷೆಗೆ ಒಪ್ಪಿಗೆಯಿತ್ತಿತು. ಒಪ್ಪಿಗೆ ಕೊಟ್ಟದ್ದು ಗಾಳಿ ಎಲ್ಲೆಲ್ಲಿ ಹರಡುತ್ತದೆಂದು ನೋಡುವುದಕ್ಕೆ. ನಾರುಗಟ್ಟುವಿಕೆಯ ಅಳತೆ ಇನ್ನೂ ಸಂಶೋಧನೆಯ ಪಾಲು. ಅದೂ ಹೆಚ್ಚಾಗಿ ಕಾರಣ ತಿಳಿಯದೆ ಬರುವ ರೋಗದಲ್ಲಿ. ಗಣಿಯ ಧೂಳಿನದು ಬೇರೆ ಜಾತಿ. ಮೇಲಾಗಿ ಸಿದ್ಧಪಡಿಸಿದ ಕ್ಸೆನಾನ್ ಚೀಲದಲ್ಲಿ ಬಹಳ ಹೊತ್ತು ಬಾಳದು. ಒಂದೆರಡು ಗಂಟೆಯಲ್ಲಿ ಅದರ ಗುಣ ಬಹುಪಾಲು ಇಳಿದುಹೋಗುತ್ತದೆ. ಸಂಜೆಯ ಹೊತ್ತು ಬೆಳ್ಳಂದೂರಿನಿಂದ ಹೊರಟು ಸಿಲ್ಕ್ ಬೋರ್ಡ್ ದಾಟುವ ಕಾಲವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರವಿರುವ ಆಸ್ಪತ್ರೆಯಲ್ಲೇ ಅನಿಲವನ್ನೂ ಸಿದ್ಧಪಡಿಸಬೇಕು.