ನಗರದ ನಕ್ಷೆಯೂ ಹೆಂಗಸರ ದಿನಚರಿಯೂ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಆವಿಗಾಡಿ 21 ಮೈಲು ಓಡಿತು. ಮರುವರ್ಷ ಹಳಿ ಕಲ್ಯಾಣವನ್ನು ಮುಟ್ಟಿತು. ಆ ಹಳಿಯ ಬೆನ್ನು ಹಿಡಿದೇ ಠಾಣೆ, ಡೊಂಬಿವಲಿ, ಕಲ್ಯಾಣಗಳು ಬೆಳೆದವು. ಮುಂಬಯಿಯಲ್ಲಿ ಖೋಲಿ ಸಿಗದ, ಸಿಕ್ಕರೂ ಪಗಡಿ ತೆರಲಾಗದ ನಮ್ಮವರು ಅನೇಕರು ಅಲ್ಲಿಯೇ ಸಂಸಾರ ಹೂಡಿದರು. ಬೆಳಗಿನ ಲೋಕಲಿಗೆ ಹೊರಟು ರಾತ್ರಿಯ ಲೋಕಲಿಗೆ ಮರಳಿದ ಗಂಡಸಿನ ಕಥೆ ಎಲ್ಲರಿಗೂ ಗೊತ್ತು. ಹಗಲಿಡೀ ಆ ಊರಿನಲ್ಲೇ ಉಳಿದು, ಅದನ್ನು ಬಾಳಲು ತಕ್ಕ ಊರಾಗಿ ಮಾಡಿದವಳ ಕಥೆಯನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಇದು ಬರಿಯ ಮರೆವಲ್ಲ, ನಗರ ಕಟ್ಟುವವರ ದೃಷ್ಟಿಗೇ ಸಂಬಂಧಿಸಿದ ಮಾತು. ಯೋಜಕನ ಕಣ್ಣಿಗೆ ಪ್ರಯಾಣವೆಂದರೆ ಮನೆಯಿಂದ ಕಛೇರಿಗೆ, ಕಛೇರಿಯಿಂದ ಮನೆಗೆ ಎಳೆದ ನೇರ ಗೆರೆ. ಹೆಂಗಸಿನ ದಾರಿ ಹಾಗಲ್ಲ. ನಲ್ಲಿ, ರೇಷನ್ ಅಂಗಡಿ, ಮಗುವಿನ ಶಾಲೆ, ಅತ್ತೆಯ ದವಾಖಾನೆ, ಸಂತೆ – ಇವೆಲ್ಲವನ್ನೂ ಸುತ್ತಿ ಬರುವ ದಾರಿ ಅವಳದು. ದುಡಿಯುವವಳಾದರೆ ಇದರ ಮೇಲೆ ಕೆಲಸದ ದಾರಿ ಬೇರೆ. 1980ರಲ್ಲಿ ಅಮೆರಿಕದ ವಿದುಷಿ ಡೊಲೊರೆಸ್ ಹೇಡನ್, ಗಂಡು–ಹೆಣ್ಣೆಂಬ ಭೇದವಿಲ್ಲದ ನಗರ ಹೇಗಿದ್ದೀತು ಎಂದು ಲೇಖನವೊಂದರಲ್ಲಿ ಕೇಳಿದರು. ಆ ಪ್ರಶ್ನೆಯನ್ನು ನಮ್ಮ ನೆರೆಹೊರೆಗೂ ಕೇಳಿ ನೋಡಬಹುದು.

ಖಾಡಿಯ ಆಚೆ ಹೊಸ ನಗರವೊಂದು ಬೇಕೆಂಬ ಯೋಜನೆಯನ್ನು 1965ರಲ್ಲಿ ‘ಮಾರ್ಗ್’ ಪತ್ರಿಕೆಯಲ್ಲಿ ಮುಂದಿಟ್ಟವರು ಮೂವರು: ಚಾರ್ಲ್ಸ್ ಕೊರಿಯಾ, ಶಿರೀಷ್ ಪಟೇಲ್ ಮತ್ತು ಪ್ರವೀಣಾ ಮೆಹ್ತಾ. ನವಿಮುಂಬಯಿಯ ಕಲ್ಪನೆಯಲ್ಲಿ ಒಬ್ಬ ಸ್ತ್ರೀ ವಾಸ್ತುಶಿಲ್ಪಿಯ ಪಾಲೂ ಇತ್ತೆಂಬುದನ್ನು ನಾವು ಮರೆಯಬಾರದು. ಮನೆಯ ಸಮೀಪವೇ ಉದ್ಯೋಗ ಎಂಬ ಅವರ ತತ್ವ ಹೆಂಗಸರಿಗೇ ಹೆಚ್ಚು ಹಿತವಾಗಬೇಕಿತ್ತು. 1970ರಲ್ಲಿ ಸಿಡ್ಕೊ ಸ್ಥಾಪನೆಯಾಯಿತು. 1973ರಲ್ಲಿ ಖಾಡಿಗೆ ರಸ್ತೆಯ ಸೇತುವೆ ಬಂತು. ಆದರೆ ವಾಶಿಗೆ ಲೋಕಲ್ ಬಂದದ್ದು 1992ರಲ್ಲಿ. ಆ ಹತ್ತೊಂಬತ್ತು ವರ್ಷ ಬಸ್ಸೇ ಗತಿ. ಮಗುವನ್ನು ಬಿಟ್ಟು ದೂರ ಹೋಗಲಾಗದ ತಾಯಿಗೆ, ಉದ್ಯೋಗ ಹತ್ತಿರ ಬರುವವರೆಗೆ ಮನೆಯೊಳಗೇ ಕಾಯುವುದು ಗತಿ.

ಈ ನಗರಕ್ಕಾಗಿ 95 ಹಳ್ಳಿಗಳ ಭೂಮಿಯನ್ನು ಗುರುತಿಸಲಾಯಿತು. ಪರಿಹಾರದ ಕಾಗದ ಬಂದದ್ದು ಭೂಮಿಯ ಹಕ್ಕುದಾರನ ಹೆಸರಿಗೆ. ಭತ್ತ ನೆಟ್ಟ ಆಗ್ರಿ ಹೆಂಗಸಿನ ದುಡಿಮೆಗೆ, ಮೀನು ಮಾರಿದ ಕೋಳಿ ಹೆಂಗಸಿನ ಬುಟ್ಟಿಗೆ ಬೆಲೆ ಕಟ್ಟುವ ಕಾಲಮು ಅದರಲ್ಲಿರಲಿಲ್ಲ. 1984ರ ಜನವರಿಯಲ್ಲಿ ಜಾಸಯಿ ಭಾಗದಲ್ಲಿ ಗೋಲೀಬಾರಿಗೆ ಐವರು ರೈತರು ಬಲಿಯಾದರು. ದಿ. ಬಾ. ಪಾಟೀಲರ ಮುಂದಾಳ್ತನದ ಆ ಹೋರಾಟದ ಫಲವಾಗಿ, ಶೇಕಡಾ 12.5ರಷ್ಟು ಅಭಿವೃದ್ಧಿಪಡಿಸಿದ ಭೂಮಿಯನ್ನು ರೈತರಿಗೆ ಮರಳಿಸುವ ಯೋಜನೆ ಆಮೇಲೆ ಬಂತು.

ಇನ್ನು, ಕಟ್ಟಿದವರು ಯಾರು? ಕಲಬುರ್ಗಿ, ವಿಜಾಪುರ, ಯಾದಗಿರಿ ಕಡೆಗಳಿಂದ ಬರಗಾಲದ ಬೆನ್ನಿಗೆ ಬಂದ ನಮ್ಮ ಅಕ್ಕತಂಗಿಯರು, ಲಂಬಾಣಿ ತಾಂಡಾಗಳ ಹೆಂಗಸರು ಅವರಲ್ಲಿ ಬಹಳ ಮಂದಿ. ಬೆಳಿಗ್ಗೆ ನಾಕಾದಲ್ಲಿ ನಿಂತು, ದಿನವಿಡೀ ತಲೆಯ ಮೇಲೆ ಘಮೇಲಾ ಹೊತ್ತು ಇವರು ಎಬ್ಬಿಸಿದ ಮಾಳಿಗೆಗಳಿಗೆ ಲೆಕ್ಕವಿಲ್ಲ. ಕಟ್ಟಡ ಮುಗಿದೊಡನೆ ತಗಡಿನ ಜೋಪಡಿ ಕಿತ್ತು ಮುಂದಿನ ಸೈಟಿಗೆ ನಡೆಯಬೇಕು. ಹಸುಗೂಸು ಮರಳಿನ ರಾಶಿಯ ಪಕ್ಕದಲ್ಲಿ. 1969ರಲ್ಲಿ ದಿಲ್ಲಿಯಲ್ಲಿ ಇಂಥ ಕೂಸುಗಳನ್ನು ಕಂಡ ಮೀರಾ ಮಹಾದೇವನ್ ಕಟ್ಟಡದ ಸ್ಥಳದಲ್ಲೇ ಶಿಶುವಿಹಾರ ತೆರೆದರು. ಈ ‘ಮೊಬೈಲ್ ಕ್ರೆಶ್’ 1972ರಲ್ಲಿ ಮುಂಬಯಿಗೂ ಬಂತು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇರಲೇಬೇಕೆಂದು 1996ರ ಕಾಯದೆ ವಿಧಿಸಿತು. ಆದರೆ ಮುಕಾದಮನ ತುಂಡು ಗುತ್ತಿಗೆಯಲ್ಲಿ ಹಂಚಿಹೋದವರ ಲೆಕ್ಕ ಐವತ್ತನ್ನು ದಾಟುವುದು ಸುಲಭವೆ?

ಹೆಂಗಸರಿಗೆ ಸಿಕ್ಕಿದ್ದರಲ್ಲಿ ಬಹಳಷ್ಟು, ಕೇಳಿ ಪಡೆದದ್ದು. 1992ರಲ್ಲಿ ಕಲ್ಯಾಣದ ಹಾದಿಯಲ್ಲಿ ಮಹಿಳಾ ವಿಶೇಷ ಲೋಕಲ್ ಓಡತೊಡಗಿತು. ಮೂತ್ರ ವಿಸರ್ಜನೆಗೆ ಗಂಡಸರಿಗೆ ಪುಕ್ಕಟೆ, ಹೆಂಗಸರಿಗೆ ಹಣ ಎಂಬ ಅನ್ಯಾಯದ ವಿರುದ್ಧ 2011ರಲ್ಲಿ ಮುಂಬಯಿಯ ಮಹಿಳಾ ಸಂಘಟನೆಗಳು ಚಳವಳಿ ಹೂಡಿ ಸಹಸ್ರಾರು ಸಹಿ ಕೂಡಿಸಿದವು. ಠಾಣೆ–ಡೊಂಬಿವಲಿಗಳ ನಡುವಿನ ಮುಂಬ್ರಾ, 1992–93ರ ಗಲಭೆಯ ನಂತರ ಮುಂಬಯಿ ಬಿಟ್ಟ ಮುಸ್ಲಿಂ ಕುಟುಂಬಗಳಿಂದ ಕಿಕ್ಕಿರಿದ ಊರು. ಅಲ್ಲಿನ ಹುಡುಗಿಯರು 2012ರಲ್ಲಿ ‘ಪರ್ಚಮ್’ ಸಂಸ್ಥೆಯ ಆಶ್ರಯದಲ್ಲಿ ಫುಟ್ಬಾಲ್ ಆಡತೊಡಗಿದರು. ಆಡಲು ನಮಗೂ ಜಾಗ ಬೇಕೆಂದು ಸಹಿ ಸಂಗ್ರಹಿಸಿ ಮನವಿ ಸಲ್ಲಿಸಿದರು. ನೀರಿಗೆ, ಶೌಚಕ್ಕೆ ಜಾಗ ಕೇಳುವುದು ಒಂದು; ಆಟಕ್ಕೆ ಜಾಗ ಕೇಳುವುದು ಅದಕ್ಕಿಂತ ದೊಡ್ಡ ಧೈರ್ಯ.

ಇವೆಲ್ಲ ಆಗದ ಮಾತುಗಳಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1990ರ ದಶಕದಲ್ಲಿ ಸ್ತ್ರೀ ವಾಸ್ತುಶಿಲ್ಪಿಗಳೇ ಒಂದು ವಸತಿ ಸಮುಚ್ಚಯವನ್ನು ರೂಪಿಸಿದರು. ಮಕ್ಕಳ ಅಂಗಳದ ಮೇಲೆ ಮನೆಯಿಂದಲೇ ಕಣ್ಣಿಡಬಹುದು, ಮೆಟ್ಟಿಲುಗಳಲ್ಲಿ ಬೆಳಕು, ಶಿಶುವಿಹಾರವೂ ಅಲ್ಲಿಯೇ. ಅಷ್ಟು ದೂರವೇಕೆ? ನಮ್ಮ ಬೇಲಾಪುರದಲ್ಲಿ ಕೊರಿಯಾ 1983–86ರಲ್ಲಿ ಕಟ್ಟಿಸಿದ ವಸತಿಯಲ್ಲಿ ಏಳು ಮನೆಗಳಿಗೊಂದು ಅಂಗಳವಿದೆ. ಹಪ್ಪಳ ಒಣಗಿಸಲು, ಕೂಸಾಡಿಸಲು, ನೆರೆಯವಳೊಡನೆ ಎರಡು ಮಾತಾಡಲು ಅಂಗಳ ಎಷ್ಟು ಬೇಕೆಂಬುದು ನಮ್ಮ ಊರಿನ ಮನೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ನಗರದ ಅಭಿವೃದ್ಧಿ ನಕ್ಷೆಯ ಕರಡನ್ನು ಪ್ರಕಟಿಸಿ ಜನರ ಆಕ್ಷೇಪ–ಸೂಚನೆ ಕೇಳಬೇಕೆಂಬುದು ಮಹಾರಾಷ್ಟ್ರದ 1966ರ ಕಾಯದೆಯಲ್ಲೇ ಇದೆ. ನಮ್ಮ ಸಂಘಗಳ ಮಹಿಳಾ ವಿಭಾಗಗಳು ನಾಟಕ, ಹಳದಿ–ಕುಂಕುಮಗಳ ಜೊತೆಗೆ ಒಂದು ಮಧ್ಯಾಹ್ನವನ್ನು ಆ ನಕ್ಷೆ ಬಿಡಿಸಿ ನೋಡಲು ಮೀಸಲಿಡಲಿ. ನಾಕಾದಲ್ಲಿ ನಿಲ್ಲುವ ಕನ್ನಡದ ಅಕ್ಕನನ್ನೂ ಕರೆಯಲಿ. ಎಲ್ಲಿ ದೀಪವಿಲ್ಲ, ಎಲ್ಲಿ ಶೌಚಾಲಯವಿಲ್ಲ, ಎಲ್ಲಿ ಕೂಸನ್ನು ಬಿಡಲು ಜಾಗವಿಲ್ಲ ಎಂಬುದನ್ನು ಅವಳಷ್ಟು ಬಲ್ಲವರು ಯಾವ ಕಛೇರಿಯಲ್ಲೂ ಇಲ್ಲ.