ಹೆಸರು ಒಂದೇ, ಆವೃತ್ತಿ ಹಲವು: ಲಿನಕ್ಸ್‌ನಲ್ಲಿ ಶೇರ್ಡ್ ಲೈಬ್ರರಿಗಳ ಆಯ್ಕೆ

ಅನೇಕ ತಂತ್ರಾಂಶಗಳು ಸಮಾನವಾಗಿ ಬಳಸಿಕೊಳ್ಳುವ ಕಾರ್ಯಗಳ ಭಂಡಾರವನ್ನು ‘ಶೇರ್ಡ್ ಲೈಬ್ರರಿ’ ಎನ್ನುತ್ತಾರೆ. ‘ಕಂಪ್ಲಿ’ ಎಂಬ ಊರ ಹೆಸರನ್ನೇ ತೆಗೆದುಕೊಳ್ಳಬಹುದು. ಗಣಕದ ಸ್ಮೃತಿಯಲ್ಲಿ ಅದು ಕ, ಅನುಸ್ವಾರ, ಪ, ಹಲಂತ ಚಿಹ್ನೆ, ಲ, ಇಕಾರ ಎಂಬ 6 ಯೂನಿಕೋಡ್ ಸಂಕೇತಗಳಷ್ಟೇ. ಲಕಾರವನ್ನು ಒತ್ತಾಗಿಸಿ, ಗುಣಿಸನ್ನು ಪಕಾರಕ್ಕೆ ಸೇರಿಸಿ ಪರದೆಗೆ ಒದಗಿಸುವ ಕೆಲಸವನ್ನು ಫಾಂಟ್‌ನ ನಿಯಮಗಳಿಗೆ ಅನುಸಾರವಾಗಿ ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಮೂರೂ ಇದನ್ನು ಬಳಸುತ್ತವೆ.

ಮೂರು ಹೆಸರುಗಳು

ಲಿನಕ್ಸ್‌ನಲ್ಲಿ ಇಂತಹ ಲೈಬ್ರರಿಗೆ ಸಾಮಾನ್ಯವಾಗಿ ಮೂರು ಹೆಸರುಗಳಿರುತ್ತವೆ.

* ಲಿಬ್‌ಹಾರ್ಫ್‌ಬಜ್.ಎಸ್‌ಓ: ಆವೃತ್ತಿರಹಿತ ಹೆಸರು. ತಂತ್ರಾಂಶ ಕಟ್ಟುವವರಿಗಾಗಿ ‘ಡೆವ್’ ಪೊಟ್ಟಣದೊಂದಿಗೆ ಬರುವ ಕೊಂಡಿ.
* ಲಿಬ್‌ಹಾರ್ಫ್‌ಬಜ್.ಎಸ್‌ಓ.0: ಹೊಂದಾಣಿಕೆಯ ಸಂಖ್ಯೆಯುಳ್ಳ ಹೆಸರು. ಇದನ್ನು ‘ಎಸ್‌ಓನೇಮ್’ ಎನ್ನುತ್ತಾರೆ.
* ಪೂರ್ಣ ಆವೃತ್ತಿ ಸಂಖ್ಯೆಯುಳ್ಳ ಹೆಸರು: ನಿಜವಾದ ಕಡತ. ಮೇಲಿನ ಎರಡೂ ಕೊಂಡಿಗಳು ಕೊನೆಗೆ ತಲುಪುವುದು ಇಲ್ಲಿಗೇ.

ಸಂಖ್ಯೆ ಏಕೆ ಬೇಕು?

‘ಬಳ್ಳಾರಿ ಜಿಲ್ಲೆ’ ಎಂಬ ಹೆಸರು ಹಿಂದೆಯೂ ಇತ್ತು, ಈಗಲೂ ಇದೆ. ಆದರೆ 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಸೇರಿದವು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹಳೆಯ ವ್ಯಾಪ್ತಿಯನ್ನು ನಂಬಿ ಇಂದಿನ ಬಳ್ಳಾರಿ ಜಿಲ್ಲೆಯ ಪಟ್ಟಿಯಲ್ಲಿ ಹೊಸಪೇಟೆಯನ್ನು ಹುಡುಕಿದವರಿಗೆ ಅದು ದೊರೆಯದು. ಲೈಬ್ರರಿಯಿಂದ ಒಂದು ಕಾರ್ಯವನ್ನು ತೆಗೆದುಹಾಕಿದಾಗಲೂ ಹೆಸರು ಹಾಗೆಯೇ ಉಳಿದರೆ ಇದೇ ತೊಡಕು. ಆದ್ದರಿಂದಲೇ ಹೊಂದಾಣಿಕೆ ಕೆಡುವಂತಹ ಬದಲಾವಣೆಯಾದಾಗ ಎಸ್‌ಓನೇಮ್‌ನ ಸಂಖ್ಯೆಯನ್ನು ಬದಲಿಸುತ್ತಾರೆ.

ಕಟ್ಟುವಾಗ, ನಡೆಯುವಾಗ

ತಂತ್ರಾಂಶ ಕಟ್ಟುವಾಗ ‘ಹಾರ್ಫ್‌ಬಜ್ ಬೇಕು’ ಎಂದಷ್ಟೇ ಸೂಚಿಸಿದರೆ ಲಿಂಕರ್ ತನ್ನ ಕಡತಕೋಶಗಳನ್ನು ಒಂದೊಂದಾಗಿ ಶೋಧಿಸುತ್ತದೆ. ಪ್ರತಿಯೊಂದರಲ್ಲೂ ಮೊದಲು ‘.ಎಸ್‌ಓ’, ಅದಿಲ್ಲದಿದ್ದರೆ ‘.ಎ’ ಎಂಬ ಸ್ಥಿರ ಲೈಬ್ರರಿಯನ್ನು ನೋಡುತ್ತದೆ. ‘.ಎಸ್‌ಓ.0’ ಮಾತ್ರ ಇದ್ದರೆ ಅದನ್ನು ಪರಿಗಣಿಸುವುದಿಲ್ಲ. ಲೈಬ್ರರಿ ಕಣ್ಣೆದುರಿಗಿದ್ದರೂ ‘ಸಿಗಲಿಲ್ಲ’ ಎಂಬ ದೋಷಸಂದೇಶ ಬರುವುದು ಬಹುಮಟ್ಟಿಗೆ ಇದೇ ಕಾರಣಕ್ಕೆ. ಡೆವ್ ಪೊಟ್ಟಣವನ್ನು ಅಳವಡಿಸುವುದೇ ಅದಕ್ಕೆ ಪರಿಹಾರ.

ಲೈಬ್ರರಿ ದೊರೆತ ಮೇಲೆ ಲಿಂಕರ್ ಅದರೊಳಗೆ ಬರೆದಿರುವ ಎಸ್‌ಓನೇಮ್ ಓದಿ, ಆ ಹೆಸರನ್ನೇ ಹೊಸ ತಂತ್ರಾಂಶದಲ್ಲಿ ದಾಖಲಿಸುತ್ತದೆ. ಹುಡುಕಿದ್ದು ಸಂಖ್ಯೆಯಿಲ್ಲದ ಹೆಸರು. ಬರೆದುಕೊಂಡಿದ್ದು ಸಂಖ್ಯೆಯುಳ್ಳ ಹೆಸರು. ಬಳಕೆದಾರರ ಗಣಕದಲ್ಲಿ ತಂತ್ರಾಂಶ ನಡೆಯುವಾಗ ಬೇಕಾಗುವುದು ಈ ಎರಡನೆಯದು ಮಾತ್ರ. ಅಲ್ಲಿ ಡೆವ್ ಪೊಟ್ಟಣದ ಅಗತ್ಯವಿಲ್ಲ.

ಕೈಯಾರೆ ಹಾಕಿದ ಕೊಂಡಿಯ ಅಪಾಯ

ಯೂನಿಕೋಡ್ ಪಠ್ಯದ ಸಂಸ್ಕರಣೆಗೆ, ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವುದಕ್ಕೂ, ನೆರವಾಗುವ ಐಸಿಯು ಲೈಬ್ರರಿಯಲ್ಲಿ ಪ್ರತಿ ಪ್ರಮುಖ ಆವೃತ್ತಿಗೂ ಎಸ್‌ಓನೇಮ್ ಬದಲಾಗುತ್ತದೆ. ಉಬುಂಟು 22.04ರಲ್ಲಿ ಐಸಿಯು 70 ಇದ್ದರೆ, 24.04ರಲ್ಲಿ 74 ಇದೆ. ಮೊದಲನೆಯದರಲ್ಲಿ ಕಟ್ಟಿದ ತಂತ್ರಾಂಶವನ್ನು ಎರಡನೆಯದಕ್ಕೆ ಹಾಗೆಯೇ ಒಯ್ದರೆ ಅದು 70ನ್ನೇ ಕೇಳುತ್ತದೆ.

ಆಗ ಕೆಲವರು 70 ಎಂಬ ಹೆಸರಿನ ಕೊಂಡಿಯನ್ನು 74ರ ಕಡತಕ್ಕೆ ಜೋಡಿಸುವುದುಂಟು. ಐಸಿಯುವಿನಲ್ಲಿ ಕಾರ್ಯಗಳ ಹೆಸರಿನ ಕೊನೆಯಲ್ಲೂ ಆವೃತ್ತಿ ಸಂಖ್ಯೆ ಇರುವುದರಿಂದ ಈ ಉಪಾಯ ಫಲಿಸದು. ತಂತ್ರಾಂಶ ದೋಷ ತೋರಿಸಿ ನಿಲ್ಲುತ್ತದೆ. ಇಂತಹ ಕಾವಲಿಲ್ಲದ ಲೈಬ್ರರಿಗಳಲ್ಲಿ ಅಪಾಯ ಇನ್ನೂ ಹೆಚ್ಚು: ತಂತ್ರಾಂಶ ಆರಂಭವಾದರೂ ನಡುವೆ ಕುಸಿಯಬಹುದು ಅಥವಾ ಸದ್ದಿಲ್ಲದೆ ತಪ್ಪು ಫಲಿತಾಂಶ ಕೊಡಬಹುದು.

ಹೊಸ ಆವೃತ್ತಿಯೊಂದಿಗೆ ತಂತ್ರಾಂಶವನ್ನು ಮರಳಿ ಕಟ್ಟುವುದು, ಇಲ್ಲವೇ ಅದು ಕೇಳುವ ಹಳೆಯ ಲೈಬ್ರರಿಯನ್ನು ತಂತ್ರಾಂಶದ ಜೊತೆಯಲ್ಲೇ ಒದಗಿಸುವುದು ಸರಿಯಾದ ಮಾರ್ಗ. ಯಾವ ತಂತ್ರಾಂಶಕ್ಕೆ ಯಾವ ಲೈಬ್ರರಿ ಬೇಕು, ಯಾವುದು ಕಾಣೆಯಾಗಿದೆ ಎಂಬುದನ್ನು ‘ಎಲ್‌ಡಿಡಿ’ ಆದೇಶ ತಿಳಿಸುತ್ತದೆ.